ಸ್ಲೈಡಿನ ಮೇಲಿನ ಚೆಲುವು



ಇಂದು ಪದವಿ ಪಡೆಯುತ್ತಿರುವ ನಿಮ್ಮಲ್ಲಿ ಹಲವರು ಇನ್ನು ಮುಂದೆ ಯಾವುದಾದರೊಂದು ಪ್ರಯೋಗಾಲಯದಲ್ಲಿ ದುಡಿಯಲಿದ್ದೀರಿ. ಅಲ್ಲಿ ದಿನ ಬೆಳಗಾದರೆ ಮಾಡುವ ಕೆಲಸ ಬಹುಮಟ್ಟಿಗೆ ಒಂದೇ: ಅಂಗಾಂಶವನ್ನು ಮೇಣದಲ್ಲಿ ಹುದುಗಿಸುವುದು, ಮೈಕ್ರೋಟೋಮಿನಲ್ಲಿ ತೆಳ್ಳಗೆ ಕೊಯ್ಯುವುದು, ಬಣ್ಣ ಹಿಡಿಸುವುದು, ಸ್ಲೈಡು ನೋಡಿ ವರದಿ ಬರೆಯುವುದು. ಈ ದುಡಿಮೆಯ ನಡುವೆ ಯಾರೂ ನಿರೀಕ್ಷಿಸದ ಚೆಲುವೊಂದು ಆಗಾಗ ಕಣ್ಣಿಗೆ ಬೀಳುತ್ತದೆ. ಅದನ್ನು ಕ್ಯಾಲೆಂಡರಿಗೆ ಒಪ್ಪುವ ಚಿತ್ರವೆಂದು ಬದಿಗಿಡುವವರಿದ್ದಾರೆ. ಇಷ್ಟು ಚೆಂದವಿರುವುದು ಸುಳ್ಳಾಗಲಾರದು ಎಂದು ನಂಬಿಬಿಡುವವರೂ ಇದ್ದಾರೆ. ಎರಡೂ ದಾರಿ ತಪ್ಪೆಂಬುದು ನನ್ನ ವಾದ. ಅಂಥ ಚೆಲುವಿಗೆ ಒಂದು ಕಾರಣವಿರುತ್ತದೆ, ಆ ಕಾರಣವನ್ನು ಹುಡುಕುವುದೂ ವಿಜ್ಞಾನಿಯ ಕೆಲಸವೇ.

1873ರಲ್ಲಿ ಇಟಲಿಯ ಅಬ್ಬಿಯಾತೆಗ್ರಾಸ್ಸೊ ಎಂಬ ಊರಿನ ಆಸ್ಪತ್ರೆಯಲ್ಲಿ ವೈದ್ಯರಾಗಿದ್ದ ಕಮಿಲೊ ಗಾಲ್ಜಿ ಮಿದುಳಿನ ತುಣುಕುಗಳನ್ನು ಮೊದಲು ಪೊಟ್ಯಾಸಿಯಂ ಡೈಕ್ರೋಮೇಟಿನಲ್ಲಿ, ಆಮೇಲೆ ಸಿಲ್ವರ್ ನೈಟ್ರೇಟಿನಲ್ಲಿ ನೆನೆಸುವ ವಿಧಾನವನ್ನು ಪ್ರಕಟಿಸಿದರು. ಹೀಗೆ ಉಂಟಾಗುವ ಸಿಲ್ವರ್ ಕ್ರೋಮೇಟು ಕೆಲವೇ ನರಕೋಶಗಳನ್ನು ತುಂಬಿಕೊಂಡು ಅವನ್ನು ಕಡುಗಪ್ಪಾಗಿಸುತ್ತದೆ. ಉಳಿದ ಕೋಶಗಳೆಲ್ಲ ಹಳದಿ ಹಿನ್ನೆಲೆಯಲ್ಲಿ ಕರಗಿಹೋಗುತ್ತವೆ. ಕಿರುಮಿದುಳಿನ ಪುರ್ಕಿಂಜೆ ಕೋಶವನ್ನು ಈ ವಿಧಾನದಲ್ಲಿ ನೋಡಿ: ಕೋಶಕಾಯದಿಂದ ದಪ್ಪನೆಯ ಕವಲೊಂದು ಮೇಲೆದ್ದು, ಒಡೆಯುತ್ತ ಒಡೆಯುತ್ತ, ಎಲೆಯುದುರಿದ ಮರದ ಹಾಗೆ ಒಂದೇ ಸಮತಲದಲ್ಲಿ ಹರಡಿಕೊಳ್ಳುತ್ತದೆ, ರೆಂಬೆಗಳ ಮೈತುಂಬ ಸಣ್ಣ ಮುಳ್ಳುಗಳು. ಈ ಚೆಲುವು ಬಂದದ್ದೆಲ್ಲಿಂದ? ಬಣ್ಣ ಹಿಡಿದ ಕೋಶಗಳು ಕೆಲವೇ ಆದ್ದರಿಂದ. ಎಲ್ಲವೂ ಕಪ್ಪಾಗಿದ್ದರೆ ಕಾಣುತ್ತಿದ್ದುದು ಬರೀ ಮಸಿ. ಚಿತ್ರವನ್ನು ಚೆಂದಗೊಳಿಸಿದ ಗುಣವೇ ಅದನ್ನು ಓದಲು ಬರುವಂತೆಯೂ ಮಾಡಿತು.

ಆದರೆ ಚೆಲುವು ತಾನೇ ತೀರ್ಪು ಕೊಡುವುದಿಲ್ಲ. ಗಾಲ್ಜಿ ಆ ಚಿತ್ರಗಳಲ್ಲಿ ಎಳೆಗಳೆಲ್ಲ ಒಂದಕ್ಕೊಂದು ಬೆಸೆದುಕೊಂಡ ಅಖಂಡ ಜಾಲವನ್ನು ಕಂಡರು. 1887ರಲ್ಲಿ ಅದೇ ವಿಧಾನವನ್ನು ಕಂಡು ಬೆರಗಾದ ಸ್ಪೇನಿನ ಸಾಂತಿಯಾಗೊ ರಮೋನ್ ಇ ಕಹಾಲ್, ಭ್ರೂಣಗಳ ಮತ್ತು ಎಳೆಯ ಪ್ರಾಣಿಗಳ ಮಿದುಳನ್ನು ಆರಿಸಿಕೊಂಡರು. ಅಲ್ಲಿ ನರತಂತುಗಳಿಗೆ ಮಯಲಿನ್ ಹೊದಿಕೆ ಇನ್ನೂ ಪೂರ್ತಿ ಬಂದಿರುವುದಿಲ್ಲವಾದ್ದರಿಂದ ಬಣ್ಣ ತುದಿಯವರೆಗೂ ಸಾಗುತ್ತದೆ. ತುದಿಗಳನ್ನು ಬೆನ್ನುಹತ್ತಿ ನೋಡಿದ ಅವರಿಗೆ ಪ್ರತಿಯೊಂದು ಕೋಶವೂ ಬಿಡಿಯಾಗಿ ನಿಂತಿರುವುದು ಕಾಣಿಸಿತು. 1906ರಲ್ಲಿ ನೊಬೆಲ್ ಪ್ರಶಸ್ತಿ ಇಬ್ಬರಿಗೂ ಒಟ್ಟಿಗೆ ಬಂತು. ಗಾಲ್ಜಿ ತಮ್ಮ ನೊಬೆಲ್ ಉಪನ್ಯಾಸದಲ್ಲೇ ಕಹಾಲ್ ಎತ್ತಿಹಿಡಿದ ಸಿದ್ಧಾಂತವನ್ನು ವಿರೋಧಿಸಿದರು. ಕೊನೆಗೆ 1950ರ ದಶಕದಲ್ಲಿ ಎಲೆಕ್ಟ್ರಾನ್ ಸೂಕ್ಷ್ಮದರ್ಶಕವು ಕೋಶಗಳ ನಡುವಿನ ಸಂದನ್ನು ತೋರಿಸಿ ವಿವಾದವನ್ನು ಬಗೆಹರಿಸಿತು. ನೋಡಿ ಮೆಚ್ಚಿದ್ದು ಇಬ್ಬರೂ. ಮೆಚ್ಚಿದ ಮೇಲೆ ಮಾದರಿ ಬದಲಿಸಿ ಪರೀಕ್ಷಿಸಿದವರು ಕಹಾಲ್. ಮುಂದೆ ಬೆಂಗಳೂರಿನವರೇ ಆಗಿಹೋದ ಸಿ.ವಿ. ರಾಮನ್ ಅವರ ನಡೆಯೂ ಇಂಥದ್ದೇ. ಕಡಲಿನ ನೀಲಿ ಬರೀ ಆಕಾಶದ ಪ್ರತಿಫಲನ ಎಂಬ ಮಾತನ್ನು ಅವರು 1921ರ ಹಡಗಿನ ಪ್ರಯಾಣದಲ್ಲಿ ನಿಕಾಲ್ ಪ್ರಿಸಮ್ ಹಿಡಿದು ಪರೀಕ್ಷಿಸಿದರು. ಪ್ರತಿಫಲನವನ್ನು ತಡೆದರೂ ನೀಲಿ ಉಳಿದಿತ್ತು. ಆ ಜಾಡು ಅವರನ್ನು 1928ರ ರಾಮನ್ ಪರಿಣಾಮದವರೆಗೆ ಕರೆದೊಯ್ದಿತು.

ಸ್ಲೈಡಿನ ಬಣ್ಣಗಳೆಲ್ಲ ನಾವೇ ಹಚ್ಚಿದವು, ಅದರಲ್ಲಿ ನಿಸರ್ಗದ ಚೆಲುವೇನು ಬಂತು ಎಂದು ಕೇಳಬಹುದು. ಆಕ್ಷೇಪಣೆಯಲ್ಲಿ ಅರ್ಧ ಹುರುಳಿದೆ. ಎಲೆಕ್ಟ್ರಾನ್ ಸೂಕ್ಷ್ಮದರ್ಶಕ ಕೊಡುವುದು ಕಪ್ಪು-ಬಿಳುಪು ಚಿತ್ರ. ಪತ್ರಿಕೆಗಳಲ್ಲಿ ಅದರ ಮೇಲೆ ಕಾಣುವ ಕೆಂಪು, ಹಸಿರು ಕಂಪ್ಯೂಟರಿನಲ್ಲಿ ಬಳಿದದ್ದು. ಆದರೆ ರೋಗಶಾಸ್ತ್ರ ವಿಭಾಗದಲ್ಲಿ ನಿತ್ಯ ಬಳಸುವ ಹೆಮಟಾಕ್ಸಿಲಿನ್ ಮತ್ತು ಇಯೋಸಿನ್‌ಗಳ ಮಾತು ಬೇರೆ. ಮೊದಲನೆಯದು ಕೋಶಕೇಂದ್ರವನ್ನು ನೀಲಿನೇರಳೆಗೆ ತಿರುಗಿಸುತ್ತದೆ, ಎರಡನೆಯದು ಕೋಶದ್ರವ್ಯವನ್ನು ಗುಲಾಬಿಯಾಗಿಸುತ್ತದೆ. ಬಣ್ಣ ನಮ್ಮದಾದರೂ ಅದು ಎಲ್ಲಿ ಕೂರಬೇಕೆಂದು ಗೊತ್ತುಮಾಡುವುದು ಅಂಗಾಂಶದ ರಸಾಯನ. ಮಾಹಿತಿ ಹೊತ್ತ ಬಣ್ಣ ಯಾವುದು, ಅಲಂಕಾರದ ಬಣ್ಣ ಯಾವುದು ಎಂದು ಚಿತ್ರದ ಕೆಳಗೆ ಬರೆದುಬಿಟ್ಟರೆ ತಕರಾರಿಗೆ ಎಡೆಯಿರುವುದಿಲ್ಲ.

ಇನ್ನೊಂದು ಆಕ್ಷೇಪಣೆ ಇದಕ್ಕಿಂತ ಗಂಭೀರ: ಚೆಂದದ ಹಂಬಲವೇ ಮೋಸಕ್ಕೆ ದಾರಿ. 2016ರಲ್ಲಿ ಪ್ರಕಟವಾದ ಎಲಿಜಬೆತ್ ಬಿಕ್ ಮತ್ತು ಸಂಗಡಿಗರ ಅಧ್ಯಯನವು ಜೀವವಿಜ್ಞಾನದ 20,621 ಪ್ರಬಂಧಗಳನ್ನು ಕಣ್ಣಿಟ್ಟು ನೋಡಿ, ಶೇ. 3.8ರಷ್ಟರಲ್ಲಿ ನಕಲುಗೊಂಡ ಚಿತ್ರಗಳನ್ನು ಗುರುತಿಸಿತು. ಇದು ಸಣ್ಣ ಸಂಗತಿಯಲ್ಲ. ಆದರೆ ಆ ಲೋಪಗಳನ್ನು ಹಿಡಿದದ್ದೂ ಚಿತ್ರಗಳನ್ನು ತಾಳ್ಮೆಯಿಂದ ನೋಡಬಲ್ಲ ಕಣ್ಣೇ ಎಂಬುದನ್ನು ಮರೆಯಬಾರದು. ಚೆಲುವನ್ನು ಗಮನಿಸದವನು ಕೃತಕವಾದದ್ದನ್ನೂ ಗಮನಿಸಲಾರ. ಎರಡಕ್ಕೂ ಬೇಕಾದದ್ದು ಒಂದೇ ಅಭ್ಯಾಸ, ನಿಧಾನವಾಗಿ ನೋಡುವುದು.

ಆದ್ದರಿಂದ ಪದವೀಧರರೇ, ನಿಮ್ಮಲ್ಲಿ ನನ್ನ ಕೋರಿಕೆ ಇಷ್ಟೇ. ಸ್ಲೈಡಿನಲ್ಲಿ ಚೆಂದವಾದದ್ದು ಕಂಡರೆ ನಾಚಿಕೆಪಡದೆ ನಿಂತು ನೋಡಿ. ಅದು ಏಕೆ ಹಾಗೆ ಕಾಣುತ್ತಿದೆ ಎಂದು ಕೇಳಿ, ಮಾದರಿ ಬದಲಿಸಿ ಮತ್ತೆ ನೋಡಿ. ತಿದ್ದದ ಮೂಲ ಚಿತ್ರವನ್ನು ಜೋಪಾನವಾಗಿಡಿ. ತಿದ್ದಿದ್ದರೆ ಏನು ತಿದ್ದಿದಿರೆಂದು ಬರೆಯಿರಿ. ಇಷ್ಟಕ್ಕೆ ದುಬಾರಿ ಯಂತ್ರವೇನೂ ಬೇಕಿಲ್ಲ, ತಾಲ್ಲೂಕು ಆಸ್ಪತ್ರೆಯ ಲ್ಯಾಬಿನಲ್ಲೂ ಇದು ಸಾಧ್ಯ.