ಸಿಸ್ಟರ್ ಕೇಳುವ ಆ ಪ್ರಶ್ನೆ



ನಮ್ಮ ಉತ್ತರ ಕನ್ನಡದ ಇಂದೂರ, ಮೈನಳ್ಳಿ, ಹಳಿಯಾಳ ಕಡೆಯ ಬಸುರಿ ಹೆಂಗಸು ತಾಯಿ ಕಾರ್ಡ್ ಮಾಡಿಸಲು ಹೋದಾಗ ಸಿಸ್ಟರ್ ಒಂದು ಮಾತು ಕೇಳುತ್ತಾರೆ: "ಸಂಬಂಧದಾಗ ಲಗ್ನ ಆಗೀಯೇನವಾ?" ತವರಿನಲ್ಲಿ, ಗಂಡನ ಮನೆಯಲ್ಲಿ ಹುಟ್ಟಿನಿಂದಲೇ ಕಾಯಿಲೆ ಇದ್ದವರು ಯಾರಾದರೂ ಇದ್ದಾರೆಯೇ ಎಂದೂ ವಿಚಾರಿಸುತ್ತಾರೆ. ತಳಿಶಾಸ್ತ್ರ ನಮ್ಮ ಹಳ್ಳಿಯ ಮನೆಗೆ ಕಾಲಿಡುವುದು ಹೀಗೆ.

ಈ ವಿಚಾರಣೆಗೆ ಎಷ್ಟು ಬೆಲೆಯಿದೆ ಎಂಬುದನ್ನು ಪಕ್ಕದ ಶಿವಮೊಗ್ಗ ಜಿಲ್ಲೆಯೇ ತೋರಿಸಿದೆ. 1970ರ ದಶಕದ ನಡುವಿನಲ್ಲಿ ಸಾಗರ ತಾಲೂಕಿನ ಹಂದಿಗೋಡಿನಲ್ಲಿ ಬಡ ಕೂಲಿ ಕುಟುಂಬಗಳ ಜನರಿಗೆ ಸೊಂಟ, ಮೊಣಕಾಲಿನ ಕೀಲುಗಳು ಹಿಡಿದುಕೊಂಡವು. ನೋವು ಹೆಚ್ಚಿ ಕೆಲವರಿಗೆ ನಡೆಯುವುದೂ ಕಷ್ಟವಾಯಿತು. ಗದ್ದೆಗೆ ಹೊಡೆದ ಕೀಟನಾಶಕ ಏಡಿಗಳ ಮೂಲಕ ಹೊಟ್ಟೆ ಸೇರಿತೆಂದು ಮೊದಲು ಅನುಮಾನಪಟ್ಟರು. ಆದರೆ ಕುಟುಂಬಗಳ ವಂಶಾವಳಿ ಬರೆದು ನೋಡಿದಾಗ ರೋಗ ತಲೆಮಾರಿನಿಂದ ತಲೆಮಾರಿಗೆ ಇಳಿದು ಬಂದದ್ದು ಕಂಡಿತು. ಯಾರು ಯಾರ ಮಗಳು, ಯಾರಿಗೆ ಯಾವ ವಯಸ್ಸಿನಲ್ಲಿ ನೋವು ಶುರುವಾಯಿತು ಎಂದು ಮನೆಮನೆಯಲ್ಲಿ ಕೇಳದೆ ಅಂಥ ವಂಶಾವಳಿ ಹುಟ್ಟುವುದಿಲ್ಲ.

ಸಂಬಂಧದೊಳಗಿನ ಲಗ್ನದ ಪ್ರಶ್ನೆಯೂ ಸುಮ್ಮನೆ ಬಂದದ್ದಲ್ಲ. 1980ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಪ್ರೊ. ಎನ್. ಅಪ್ಪಾಜಿ ರಾವ್ ಮತ್ತು ಜೊತೆಗಾರರು ಹಸುಗೂಸುಗಳ ರಕ್ತದ ಹನಿಗಳನ್ನು ಪರೀಕ್ಷಿಸಿ, ಹುಟ್ಟಿನಿಂದ ಬರುವ ಅಮೈನೋ ಆಮ್ಲದ ದೋಷಗಳನ್ನು ಹುಡುಕಲು ಹೊರಟರು. ಕೆಲವು ವರ್ಷಗಳಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಕೂಸುಗಳ ರಕ್ತ ನೋಡಿದರು. ತಂದೆ ತಾಯಿಯರ ನಂಟನ್ನೂ ದಾಖಲಿಸಿದಾಗ ಸುಮಾರು ಮೂರರಲ್ಲಿ ಒಂದು ಮದುವೆ ರಕ್ತಸಂಬಂಧದೊಳಗೇ ಆಗಿತ್ತು. ಸೋದರಮಾವನಿಗೆ ಅಕ್ಕನ ಮಗಳನ್ನು ಕೊಟ್ಟವೇ ಅದರಲ್ಲಿ ಬಹಳ. ಲೋಕಕ್ಕೆ ಪ್ರಬಂಧ ಬರೆದವರ ಹೆಸರು ಗೊತ್ತು. ಹೆರಿಗೆ ವಾರ್ಡಿನಲ್ಲಿ ರಾತ್ರಿಯಿಡೀ ಎಚ್ಚರವಿದ್ದು ಆ ಕೂಸುಗಳನ್ನು ನೋಡಿಕೊಂಡ ಸಿಸ್ಟರ್‌ಗಳ ಹೆಸರು ಗೊತ್ತಿಲ್ಲ, ಅದು ನನಗೆ ನೋವಿನ ಸಂಗತಿ.

ನರ್ಸಿಂಗ್ ಕಲಿಕೆಗೆ ತಳಿಶಾಸ್ತ್ರ ಬಂದದ್ದು ತಡವಾಗಿ. ಭಾರತೀಯ ನರ್ಸಿಂಗ್ ಪರಿಷತ್ತಿನ ಬಿ.ಎಸ್‌ಸಿ. ಪಠ್ಯದಲ್ಲಿ ಈಗ ರೋಗಶಾಸ್ತ್ರದ ಜೊತೆ ತಳಿಶಾಸ್ತ್ರವೂ ಇದೆ. ಹಳ್ಳಿ ಸುತ್ತುವ ಎಎನ್‌ಎಂ ಸಿಸ್ಟರ್‌ಗೂ ಅದು ಅಷ್ಟೇ ಬೇಕು ಎನ್ನುತ್ತೇನೆ, ಏಕೆಂದರೆ ಕುಡುಗೋಲು ಕಣ ರೋಗ, ಅಂದರೆ ಸಿಕಲ್ ಸೆಲ್, ಎದುರಾಗುವುದು ಅವರಿಗೇ. ಈ ರೋಗದ ನಿರ್ಮೂಲನಕ್ಕೆ 2023ರ ಜುಲೈ 1ರಂದು ರಾಷ್ಟ್ರೀಯ ಅಭಿಯಾನ ಆರಂಭವಾಯಿತು. ಅದಕ್ಕೆ ಆಯ್ದ 17 ರಾಜ್ಯಗಳಲ್ಲಿ ಕರ್ನಾಟಕವೂ ಒಂದು. ಆಗ ಇಟ್ಟುಕೊಂಡದ್ದು 7 ಕೋಟಿ ಜನರ ತಪಾಸಣೆಯ ಗುರಿ.

ನಮ್ಮ ಸಿದ್ದಿ ಬಂಧುಗಳ ಪೂರ್ವಜರು ಆಫ್ರಿಕಾದಿಂದ ಬಂದವರೆಂಬ ಕಾರಣಕ್ಕೆ ಸಿಕಲ್ ಸೆಲ್ ಅನ್ನು ಅವರ ರೋಗವೆಂದು ಬೆರಳು ತೋರಿಸಬೇಡಿ. ಭಾರತದ ಮೊದಲ ವರದಿಗಳಲ್ಲೊಂದು 1952ರಲ್ಲಿ ನೀಲಗಿರಿಯ ಗಿರಿಜನರ ನಡುವಿನಿಂದ ಬಂತು. ಮಲೇರಿಯಾ ಕಾಡಿದ ಸೀಮೆಗಳಲ್ಲಿ ಈ ಗುಣ ಉಳಿದುಕೊಂಡಿತು. ಈ ರೋಗದ ಜೀನಿನ ಒಂದೇ ಪ್ರತಿ ಇದ್ದವರಿಗೆ ಅದು ಮಲೇರಿಯಾದಿಂದ ಕಾಪು ಕೊಡುತ್ತದೆಂದು 1954ರಲ್ಲಿ ಆಂಟನಿ ಆಲಿಸನ್ ತೋರಿಸಿದರು.

ರಕ್ತ ತೆಗೆಯುವುದು ಸುಲಭ, ಫಲಿತಾಂಶ ಹೇಳುವುದು ಕಷ್ಟ. ಒಂದೇ ಪ್ರತಿ ಇರುವವಳು ವಾಹಕಿ, ರೋಗಿಯಲ್ಲ. ಗಂಡ ಹೆಂಡಿರಿಬ್ಬರೂ ವಾಹಕರಾದರೆ ಪ್ರತಿ ಬಸುರಿನಲ್ಲೂ ಮಗುವಿಗೆ ರೋಗ ಬರುವ ಸಂಭವ ನಾಲ್ಕರಲ್ಲಿ ಒಂದು. ಮೊದಲ ಮಗುವಿಗೆ ಬಂತೆಂದ ಮಾತ್ರಕ್ಕೆ ಉಳಿದವು ಪಾರಾದವೆಂದಲ್ಲ. ಇದನ್ನು ಆತುರದಲ್ಲಿ ಹೇಳಿದರೆ ಹುಡುಗಿಯ ಮದುವೆ ಮುರಿಯುತ್ತದೆ, ಸೊಸೆಯ ತವರಿಗೆ ಬೈಗುಳ ಬೀಳುತ್ತದೆ. ಶಾಸ್ತ್ರ ತಿಳಿದ ಸಿಸ್ಟರ್ ಕಾಗದವನ್ನು ಅತ್ತೆಯ ಕೈಗೆ ಕೊಡುವುದಿಲ್ಲ. ಸೊಸೆಯನ್ನೇ ಬೇರೆ ಕೂಡಿಸಿ ಹೇಳುತ್ತಾರೆ, ಆಮೇಲೆ ಅವಳ ಗಂಡನ ರಕ್ತವನ್ನೂ ತಪಾಸಣೆಗೆ ಕಳಿಸುತ್ತಾರೆ.