ಅರ್ಧ ಸೆಕೆಂಡಿನ ಜಗಳ

ಇವತ್ತು ಮಾತಾಡ್ತಿರೋದು ನಾನೂ ಕೊಳ್ಳದ, ನಿಮ್ಮಲ್ಲಿ ಬಹುತೇಕರೂ ಕೊಳ್ಳದ ಕಾರುಗಳ ಬಗ್ಗೆ. ಕೊಳ್ಳೋಕೆ ಆಗಲ್ಲ ಅಂದ್ಮೇಲೆ ಜಗಳ ಆಡೋಕೂ ಆಗಬಾರದು ಅಂತ ರೂಲ್ ಏನೂ ಇಲ್ವಲ್ಲ!

ಭಾನುವಾರ ಬೆಳಗ್ಗೆ ಆರು ಗಂಟೆಗೆ ಬಳ್ಳಾರಿ ರಸ್ತೆಯಲ್ಲಿ ದೇವನಹಳ್ಳಿ ಕಡೆ ಹೋಗಿದ್ರೆ ನಿಮಗೂ ಗೊತ್ತಿರುತ್ತೆ. ನಂದಿ ಬೆಟ್ಟಕ್ಕೆ ಹೊರಟ ಬೈಕುಗಳ ಮಧ್ಯೆ ಹಳದಿ, ಕಿತ್ತಳೆ ಬಣ್ಣದ ತಗ್ಗು ಕಾರುಗಳು ನುಗ್ತಾ ಇರ್ತವೆ. ಅವು ಎಲ್ಲಾದ್ರೂ ಇಡ್ಲಿ ತಿನ್ನೋಕೆ ನಿಂತ್ರೆ ಸುತ್ತ ನಾವು ಸೇರ್ತೀವಿ. ಕಾರಿನವರು ಒಬ್ಬರು, ಕಾರಿನ ಬಗ್ಗೆ ಮಾತಾಡೋರು ಇಪ್ಪತ್ತು ಜನ. ಆ ಇಪ್ಪತ್ತರಲ್ಲಿ ನಾನೂ ಒಬ್ಬ. ನನ್ನ ಹತ್ರ ಇರೋದು ಹತ್ತು ವರ್ಷ ಹಳೇ ಹ್ಯಾಚ್‌ಬ್ಯಾಕ್. ಅದರ ಎಸಿ ಆನ್ ಮಾಡಿದ್ರೆ ಫ್ಲೈಓವರ್ ಹತ್ತೋಕೇ ಏದುಸಿರು ಬಿಡುತ್ತೆ.

ನಮ್ಮ ಗುಂಪಲ್ಲಿ ಎರಡು ಪಕ್ಷ ಇದೆ. ಒಂದು ಪಕ್ಷಕ್ಕೆ ವೇಗ ಅಂದ್ರೆ ವೇಗ. ಯಾವ ಕಾರು ಸೊನ್ನೆಯಿಂದ ನೂರಕ್ಕೆ ಮೊದಲು ಹೋಗುತ್ತೋ ಅದೇ ದೊಡ್ಡದು. ಇನ್ನೊಂದು ಪಕ್ಷ ಕ್ಲಚ್ ಪಕ್ಷ. ಮೂರು ಪೆಡಲ್ ಇಲ್ಲದಿದ್ರೆ ಅದು ಸ್ಪೋರ್ಟ್ಸ್ ಕಾರೇ ಅಲ್ಲ, ದುಬಾರಿ ಲಿಫ್ಟು ಅಂತಾರೆ ಇವರು.

ಇದು ಬರೀ ಹೋಟೆಲ್ ಮುಂದಿನ ಹರಟೆ ಅಂದ್ಕೋಬೇಡಿ. ಇದೇ ಜಗಳಕ್ಕೆ ಪೋರ್ಷೆ ಅಂಥ ಕಂಪನಿ ಒಮ್ಮೆ ಮಣಿದಿದೆ. ಆ ಕತೆಯನ್ನ ಸ್ವಲ್ಪ ನಿಧಾನವಾಗಿ ಹೇಳ್ತೀನಿ.

2013. ಜಿನೀವಾ ಮೋಟಾರ್ ಶೋ. ಪೋರ್ಷೆ ತನ್ನ ಹೊಸ 911 ಜಿಟಿ3 ತೋರಿಸ್ತು. 475 ಕುದುರೆ ಶಕ್ತಿ, ಎಂಜಿನ್ 9,000 ಆರ್‌ಪಿಎಂವರೆಗೆ ಸುತ್ತುತ್ತೆ. ಆದ್ರೆ ಮ್ಯಾನ್ಯುಯಲ್ ಗೇರ್ ಇಲ್ಲ. ಪಿಡಿಕೆ ಅನ್ನೋ ಆಟೊಮ್ಯಾಟಿಕ್ ಗೇರ್‌ಬಾಕ್ಸ್ ಮಾತ್ರ. ಪಿಡಿಕೆಯಲ್ಲಿ ಎರಡು ಕ್ಲಚ್ ಇರ್ತವೆ. ಒಂದು, ಮೂರು, ಐದು, ಏಳನೇ ಗೇರ್ ಒಂದು ಕ್ಲಚ್ ಪಾಲಿಗೆ. ಎರಡು, ನಾಲ್ಕು, ಆರು ಇನ್ನೊಂದಕ್ಕೆ. ನೀವು ಮೂರನೇ ಗೇರಲ್ಲಿ ಇರುವಾಗಲೇ ನಾಲ್ಕನೇ ಗೇರ್ ಸಿದ್ಧವಾಗಿ ಕಾಯ್ತಿರುತ್ತೆ. ಒಂದು ಕ್ಲಚ್ ಬಿಡ್ತಿದ್ದ ಹಾಗೇ ಇನ್ನೊಂದು ಹಿಡ್ಕೊಳುತ್ತೆ. ಮನುಷ್ಯನ ಕಾಲು ಆ ಸ್ಪೀಡಲ್ಲಿ ಕೆಲಸ ಮಾಡೋದು ಸಾಧ್ಯವೇ ಇಲ್ಲ. ಇದೇನು ಫ್ಯಾಷನ್‌ಗೆ ಮಾಡಿದ್ದೂ ಅಲ್ಲ. 1980ರ ದಶಕದಲ್ಲೇ ಪೋರ್ಷೆ ತನ್ನ 956, 962 ರೇಸ್ ಕಾರುಗಳಲ್ಲಿ ಇದನ್ನ ಪರೀಕ್ಷೆ ಮಾಡಿತ್ತು.

ಲೆಕ್ಕದ ಪ್ರಕಾರ ಜನ ಖುಷಿ ಪಡಬೇಕಿತ್ತು ಅಲ್ವಾ? ಪಡಲಿಲ್ಲ. ಜಿಟಿ3 ಅಂದ್ರೆ ನಮ್ಮ ಕೈಕಾಲಿಗೆ ಕೆಲಸ ಕೊಡೋ ಕಾರು, ಅದನ್ನೇ ಕಿತ್ಕೊಂಡ್ರಲ್ಲ ಅಂತ ಹಳೇ ಗಿರಾಕಿಗಳು ಗಲಾಟೆ ಎಬ್ಬಿಸಿದ್ರು. ಮರುವರ್ಷ ಆ ಕಾರುಗಳಲ್ಲಿ ಎರಡಕ್ಕೆ ಬೆಂಕಿ ಹತ್ತಿ, ಆಗ ಗಿರಾಕಿಗಳ ಕೈ ಸೇರಿದ್ದ 785 ಕಾರಿಗೂ ಕಂಪನಿ ಹೊಸ ಎಂಜಿನ್ನೇ ಹಾಕಿಕೊಡ್ತು. ವಿಚಿತ್ರ ನೋಡಿ, ಎಂಜಿನ್ ವಿಷಯ ಜನ ಮರೆತ್ರು. ಕ್ಲಚ್ ಇಲ್ಲ ಅನ್ನೋದನ್ನ ಮರೀಲಿಲ್ಲ.

2016ರಲ್ಲಿ 911 ಆರ್ ಬಂತು. 500 ಕುದುರೆ ಶಕ್ತಿ, 1,370 ಕೆಜಿ ತೂಕ, ಹಿಂದೆ ದೊಡ್ಡ ರೆಕ್ಕೆ ಇಲ್ಲ, ಆರು ಸ್ಪೀಡಿನ ಮ್ಯಾನ್ಯುಯಲ್ ಗೇರ್ ಮಾತ್ರ. ಮಾಡಿದ್ದು ಬರೀ 991 ಕಾರು. ಸೆಕೆಂಡ್ ಹ್ಯಾಂಡ್ ಮಾರ್ಕೆಟ್ಟಲ್ಲಿ ಹೊಸದರ ಬೆಲೆಯ ಎಷ್ಟೋ ಪಟ್ಟು ಕೊಟ್ಟು ಜನ ತಗೊಂಡ್ರು. ಕಂಪನಿಗೆ ಅರ್ಥ ಆಯ್ತು. 2017ರ ಜಿಟಿ3ಯಲ್ಲಿ ಮ್ಯಾನ್ಯುಯಲ್ ವಾಪಸ್ ಬಂತು, 2021ರ ಹೊಸ ಜಿಟಿ3ಯಲ್ಲೂ ಉಳೀತು.

ಈಗ ನಮ್ಮ ಜಗಳದ ನಿಜವಾದ ಅಂಕಿ ಹೇಳ್ತೀನಿ. ಆ ಜಿಟಿ3ಯಲ್ಲಿ ಪಿಡಿಕೆ ತಗೊಂಡ್ರೆ ಸೊನ್ನೆಯಿಂದ ನೂರಕ್ಕೆ 3.4 ಸೆಕೆಂಡ್. ಮ್ಯಾನ್ಯುಯಲ್ ತಗೊಂಡ್ರೆ 3.9. ಅಂದ್ರೆ ಗಿರಾಕಿ ಶೋರೂಮಿಗೆ ಹೋಗಿ, ನಮ್ಮ ದೇಶದಲ್ಲಾದ್ರೆ ಎರಡೂವರೆ ಕೋಟಿಗೂ ಮೇಲೆ ದುಡ್ಡು ಎಣಿಸಿ, 'ನನಗೆ ಅರ್ಧ ಸೆಕೆಂಡ್ ನಿಧಾನದ್ದೇ ಕೊಡಿ' ಅಂತ ಕೇಳ್ತಾನೆ!

ವೇಗದ ಪಕ್ಷದ ಗೆಳೆಯ ಒಬ್ಬ ಇದಕ್ಕೆ ಹೊಟ್ಟೆ ಹಿಡ್ಕೊಂಡು ನಗ್ತಾನೆ. 'ಮಗಾ, ಸಿಲ್ಕ್ ಬೋರ್ಡ್ ಸಿಗ್ನಲ್‌ನಲ್ಲಿ ದಿನಾ ಕ್ಲಚ್ ತುಳಿಯೋನಿಗೆ ಮಾತ್ರ ಗೊತ್ತು ಅದರ ಸುಖ' ಅಂತಾನೆ. ಅವನ ವಾದ ಸುಳ್ಳಲ್ಲ. ಅವನು ಇನ್ನೂ ಒಂದು ಮಾತು ಹೇಳ್ತಾನೆ. ಈಗ ಎಲೆಕ್ಟ್ರಿಕ್ ಕಾರು ಬಂದ್ಮೇಲೆ ಈ ಅಂಕಿಗಳೇ ಹಳಸಿಹೋದ್ವು. ಟೆಸ್ಲಾ ಮಾಡೆಲ್ ಎಸ್ ಪ್ಲೇಡ್ ಅನ್ನೋ ನಾಲ್ಕು ಬಾಗಿಲಿನ ಫ್ಯಾಮಿಲಿ ಕಾರಿಗೆ ಸಾವಿರ ಕುದುರೆ ಶಕ್ತಿ ಇದೆ. ಕ್ರೊಯೇಷಿಯಾದ ರಿಮಾಕ್ ನೆವೆರಾಗೆ 1,900ಕ್ಕೂ ಜಾಸ್ತಿ. ಗೇರ್ ಬದಲಿಸೋ ಗೋಜೇ ಇಲ್ಲ, ಒತ್ತಿದ್ರೆ ಮುಗೀತು. ಹಾಗಾದ್ರೆ ಪೆಟ್ರೋಲ್ ಕಾರಿನೋರು ಯಾವುದರ ಬಗ್ಗೆ ಜಂಬ ಪಡ್ತಿದ್ದಾರೆ?

ಅವನು ಗೆದ್ದೆ ಅಂದ್ಕೊಂಡು ಹೇಳಿದ ಈ ಮಾತಲ್ಲೇ ಅವನು ಸೋತ ಅಂತ ನನಗನ್ಸುತ್ತೆ. ವೇಗ ಯಾವಾಗ ಅಗ್ಗ ಆಯ್ತೋ ಆಗ ಜನ ಬೇರೆ ಏನನ್ನೋ ಹುಡುಕೋಕೆ ಶುರು ಮಾಡಿದ್ರು. ತಿರುವು ಬರೋ ಮೊದಲು ಬಲಗಾಲಿನ ಮುಂಭಾಗದಲ್ಲಿ ಬ್ರೇಕ್ ಒತ್ತುತ್ತಾ, ಅದೇ ಕಾಲಿನ ಅಂಚಲ್ಲಿ ಆಕ್ಸಲರೇಟರ್ ತಟ್ಟಿ, ಎಡಗಾಲಲ್ಲಿ ಕ್ಲಚ್, ಎಡಗೈಯಲ್ಲಿ ಗೇರ್. ಸರಿಯಾಗಿ ಮಾಡಿದ್ರೆ ಕಾರು ಒಂಚೂರೂ ಕುಲುಕದೆ ತಿರುಗುತ್ತೆ. ತಪ್ಪಿದ್ರೆ ಅಲ್ಲೇ ಮರ್ಯಾದೆ ತೆಗೆಯುತ್ತೆ. ಎಡಗೈ ಅಂದಿದ್ದು ನಮ್ಮ ದೇಶದ ಲೆಕ್ಕದಲ್ಲಿ, ಜರ್ಮನಿಯೋರು ಬಲಗೈ ಅಂತ ಓದ್ಕೊಳ್ಳಿ.

ಹೀಗಾಗಿ ನಾನು ಕ್ಲಚ್ ಪಕ್ಷದವನು. ಆದ್ರೆ ನಮ್ಮ ಪಕ್ಷದ ಒಂದು ಮಾತು ನನಗೆ ಇತ್ತೀಚೆಗೆ ಗಂಟಲಲ್ಲಿ ಇಳೀತಿಲ್ಲ. 'ಕಾರು ಅಪಾಯಕಾರಿ ಆಗಿದ್ರೇನೇ ಮಜಾ' ಅಂತಾರಲ್ಲ, ಆ ಮಾತು.

ಆ ಮಾತು ಬಂದಾಗೆಲ್ಲ ಎಲ್ಲರ ಬಾಯಲ್ಲೂ ಬರೋ ಹೆಸರು ಪೋರ್ಷೆ ಕರೇರಾ ಜಿಟಿ. ಮಾಡಿದ್ದು ಸುಮಾರು 1,270 ಕಾರು. ರೇಸಿಗೆ ಅಂತ ಶುರು ಮಾಡಿ ಕೈಬಿಟ್ಟಿದ್ದ ವಿ10 ಎಂಜಿನ್, 612 ಕುದುರೆ ಶಕ್ತಿ, ಮ್ಯಾನ್ಯುಯಲ್ ಗೇರ್. ಕಾರು ಅಡ್ಡಾದಿಡ್ಡಿ ಜಾರಿದ್ರೆ ತಾನೇ ಬ್ರೇಕ್ ಹಾಕಿ ನೇರ ಮಾಡುತ್ತಲ್ಲ, ಆ ಸ್ಟೆಬಿಲಿಟಿ ಕಂಟ್ರೋಲ್ ಇದರಲ್ಲಿ ಇರಲಿಲ್ಲ. ಕಾರ್ ಹುಚ್ಚರು ಇದನ್ನ ದೇವರ ಥರ ಪೂಜೆ ಮಾಡ್ತಾರೆ. ನಾನೂ ಮಾಡ್ತಿದ್ದೆ.

2013ರ ನವೆಂಬರ್ 30ರಂದು ಕ್ಯಾಲಿಫೋರ್ನಿಯಾದ ಸಾಂಟಾ ಕ್ಲಾರಿಟಾದಲ್ಲಿ ಇದೇ ಕಾರು ಅಪಘಾತ ಆಯ್ತು. 'ಫಾಸ್ಟ್ ಅಂಡ್ ಫ್ಯೂರಿಯಸ್' ನಟ ಪಾಲ್ ವಾಕರ್ ಮತ್ತು ಕಾರು ಓಡಿಸ್ತಿದ್ದ ಅವರ ಗೆಳೆಯ ರೋಜರ್ ರೋಡಾಸ್, ಇಬ್ಬರೂ ತೀರಿಕೊಂಡ್ರು. ರೋಡಾಸ್‌ಗೆ ರೇಸ್ ಅನುಭವ ಇತ್ತು. ತನಿಖೆ ಮಾಡಿದೋರು ಹೇಳಿದ್ದು, ಗಂಟೆಗೆ 45 ಮೈಲಿ ಮಿತಿ ಇದ್ದ ರಸ್ತೆಯಲ್ಲಿ ಕಾರು 80ರಿಂದ 93 ಮೈಲಿ ವೇಗದಲ್ಲಿತ್ತು, ಟೈರುಗಳು ಒಂಬತ್ತು ವರ್ಷ ಹಳೇವು ಅಂತ. ನಾವು ಗೆಳೆಯರು ಹಾರ್ಸ್ ಪವರ್ ಬಗ್ಗೆ ಗಂಟೆಗಟ್ಟಲೆ ಮಾತಾಡ್ತೀವಿ. ಟೈರಿನ ಮೇಲೆ ಅಚ್ಚಾಗಿರೋ ತಯಾರಿಕೆ ದಿನಾಂಕ ನೋಡು ಅಂತ ಒಬ್ಬನೂ ಅಂದಿದ್ದಿಲ್ಲ.

ಅದೆಲ್ಲೋ ಅಮೆರಿಕದ ಕತೆ ಅಂತೀರೇನೋ. ಸರಿ, ನನ್ನದೇ ಹೇಳ್ತೀನಿ.

ಹೋದ ವರ್ಷ ಇಡ್ಲಿ ಹೋಟೆಲ್ ಮುಂದೆ ಪರಿಚಯ ಆದ ಒಬ್ಬರು, 'ಬನ್ನಿ ಸಾರ್, ಒಂದು ರೌಂಡ್ ಹೋಗೋಣ' ಅಂದ್ರು. ಯಾವ ಕಾರು, ಯಾರು ಅಂತೆಲ್ಲ ಹೇಳಲ್ಲ. ಕೂತೆ. ಸೀಟು ನೆಲಕ್ಕೆ ಅಂಟಿದ ಹಾಗಿತ್ತು. ಖಾಲಿ ರಸ್ತೆ ಸಿಕ್ತು ಅಂತ ಅವರು ಒತ್ತಿದ್ರು. ಹೊಟ್ಟೆ ಬೆನ್ನಿಗೆ ಹೋಗೋದು ಅಂದ್ರೇನು ಅಂತ ಅವತ್ತು ತಿಳೀತು. ಎರಡನೇ ಗೇರಲ್ಲೇ ನೂರು ದಾಟ್ತು. ನಾನು ಮಗು ಥರ ಕಿರುಚಿದೆ, ಖುಷಿಯಿಂದಲೇ. 'ಇನ್ನೂ, ಇನ್ನೂ' ಅಂದಿದ್ದೂ ನಾನೇ.

ಆಗ ಡಿವೈಡರ್ ಸಂದಿಯಿಂದ ಒಬ್ಬರು ಹಾಲಿನ ಕ್ಯಾನ್ ಕಟ್ಟಿದ ಟಿವಿಎಸ್ ಎಕ್ಸೆಲ್ ತಗೊಂಡು ರಸ್ತೆಗೆ ಇಳಿದ್ರು. ನಮ್ಮ ಕಡೆ ನೋಡಿದ್ರು, ನೋಡಿಯೇ ದಾಟಿದ್ರು. ಅಷ್ಟು ದೂರ ಇರೋ ಕಾರು ಇಷ್ಟು ಬೇಗ ಬರುತ್ತೆ ಅಂತ ಅವರಿಗೆ ಹೇಗೆ ಗೊತ್ತಾಗಬೇಕು? ಬ್ರೇಕ್ ಹಿಡೀತು. ಅವರ ಹಿಂದಿನ ಚಕ್ರ ನಮ್ಮ ಬಾನೆಟ್ ಮುಂದಿಂದ ಸರಿದು ಹೋಯ್ತು. ಅವರು ತಿರುಗಿ ಬೈಲೂ ಇಲ್ಲ. ಗಾಡಿ ಬದಿಗೆ ನಿಲ್ಲಿಸಿ, ಕ್ಯಾನ್‌ಗಳ ಹಗ್ಗ ಬಿಗಿಯಾಗಿದೆಯಾ ಅಂತ ಮುಟ್ಟಿ ನೋಡಿ, ಹೊರಟುಹೋದ್ರು. ಕಾರಿನವರ ಕೈ ಸ್ಟೀರಿಂಗ್ ಮೇಲೆ ನಡುಗ್ತಾ ಇತ್ತು. ನಾವಿಬ್ಬರೂ ವಾಪಸ್ ಬರೋವರೆಗೂ ಮಾತಾಡ್ಲಿಲ್ಲ.

ಆಮೇಲೆ ಮನೇಲಿ ಲೆಕ್ಕ ಹಾಕ್ದೆ. ಗಂಟೆಗೆ ನೂರು ಕಿಲೋಮೀಟರ್ ವೇಗದಲ್ಲಿ ಅರ್ಧ ಸೆಕೆಂಡಿಗೆ ಕಾರು ಹೆಚ್ಚುಕಡಿಮೆ 14 ಮೀಟರ್ ಹೋಗುತ್ತೆ. ಬಿಎಂಟಿಸಿ ಬಸ್ಸಿಗಿಂತ ಉದ್ದ. ನಾವು ಗೇರ್‌ಬಾಕ್ಸ್ ವಿಷಯಕ್ಕೆ ವರ್ಷಾನುಗಟ್ಟಲೆ ಕಿತ್ತಾಡಿದ ಅದೇ ಅರ್ಧ ಸೆಕೆಂಡು.

ಕ್ಲಚ್ ಪಕ್ಷ ಬಿಟ್ಟೆನಾ? ಇಲ್ಲ. ಆದ್ರೆ 'ಕಾರು ನನ್ನ ಸಾಮರ್ಥ್ಯ ಪರೀಕ್ಷೆ ಮಾಡಬೇಕು' ಅಂತ ಇನ್ಮೇಲೆ ಯಾರಾದ್ರೂ ಅಂದ್ರೆ, ಆ ಪರೀಕ್ಷೆ ಎಲ್ಲಿ ಬರೀತೀರಾ ಅಂತ ಕೇಳ್ತೀನಿ. ಚೆನ್ನೈ ಹತ್ರ ಇರುಂಗಾಟ್ಟುಕೋಟ್ಟೈನಲ್ಲಿ ಟ್ರ್ಯಾಕ್ ಇದೆ, ಕೊಯಮತ್ತೂರಲ್ಲಿ ಕರಿ ಸ್ಪೀಡ್‌ವೇ ಇದೆ. ಅಲ್ಲಿ ಎದುರಿಂದ ಹಾಲಿನ ಗಾಡಿ ಬರಲ್ಲ. ತಿರುವಲ್ಲಿ ತಪ್ಪಿದ್ರೆ ಜಲ್ಲಿ ಹಾಸು ಕಾರನ್ನ ಹಿಡ್ಕೊಳುತ್ತೆ, ಮಾನ ಹೋಗುತ್ತೆ, ಅಷ್ಟೇ.

ಅವತ್ತು ಕಾರು ಓಡಿಸಿದವರು ಈಗಲೂ ಭಾನುವಾರ ಬರ್ತಾರೆ. ಎಕ್ಸೆಲ್ ವಿಷಯ ಅವರೂ ಎತ್ತಲ್ಲ, ನಾನೂ ಎತ್ತಲ್ಲ. ಮೊನ್ನೆ ಮಾತ್ರ, ತಿಂಡಿ ತಿಂತಾ, 'ಸಾರ್, ಚೆನ್ನೈ ಟ್ರ್ಯಾಕಿಗೆ ಹೋಗೋಕೆ ಹೆಲ್ಮೆಟ್ ಎಂಥದ್ದು ಬೇಕು?' ಅಂತ ಕೇಳಿದ್ರು. ಸೈಜ್ ನೋಡಿ ತಗೊಳ್ಳಿ ಅಂದೆ.

ಸರಿ, ನೀವು ಯಾವ ಪಕ್ಷ? ಕ್ಲಚ್ಚೋ, ಪಿಡಿಕೆಯೋ, ಎಲೆಕ್ಟ್ರಿಕ್ಕೋ? ವಾಯ್ಸ್ ಮೆಸೇಜ್ ಕಳಿಸಿ, ಮುಂದಿನ ವಾರ ಕೆಲವನ್ನ ಕೇಳಿಸ್ತೀನಿ. ಗಾಡಿ ಓಡಿಸ್ತಾ ರೆಕಾರ್ಡ್ ಮಾಡಿದ್ದನ್ನ ಮಾತ್ರ ಹಾಕಲ್ಲ, ಹಿಂದೆ ಹಾರ್ನ್ ಕೇಳಿಸಿದ್ರೆ ಗೊತ್ತಾಗುತ್ತೆ. ಬರ್ತೀನಿ, ನಮಸ್ಕಾರ.