ಬೆಟ್ಟದ ಹಾದಿಯ ಗೆಳೆಯರು

ಬೆಟ್ಟಗುಡ್ಡಗಳ ಛಾಯಾಚಿತ್ರವೊಂದನ್ನು ನೋಡುವಾಗ, ಅದನ್ನು ತೆಗೆದವನು ಒಬ್ಬಂಟಿಗನೆಂದೇ ನಾವು ಭಾವಿಸುತ್ತೇವೆ. ಚಿತ್ರದಲ್ಲಿ ಮನುಷ್ಯರ ಸುಳಿವಿಲ್ಲ. ಬಂಡೆ, ಹಿಮ, ಮೋಡ, ಒಂದೆರಡು ಮರ; ಇಷ್ಟೇ. ಕ್ಯಾಮೆರಾದ ಹಿಂದೆಯೂ ಒಬ್ಬನೇ ಮನುಷ್ಯ ಮೌನವಾಗಿ ನಿಂತಿದ್ದಿರಬೇಕು ಎನಿಸುವುದು ಸಹಜ. ಆದರೆ ಈ ಕಲ್ಪನೆ ಅರ್ಧ ಮಾತ್ರ ನಿಜ. ಗುಂಡಿ ಒತ್ತುವ ಗಳಿಗೆಯಲ್ಲಿ ಛಾಯಾಗ್ರಾಹಕ ಒಬ್ಬನೇ, ನಿಜ. ಅಲ್ಲಿಯವರೆಗೆ ಅವನನ್ನು ನಡೆಸಿಕೊಂಡು ಬಂದವರು ಹಲವರು. ಈ ಮಾತಿಗೆ ಅಮೆರಿಕದ ಆನ್ಸೆಲ್ ಆಡಮ್ಸನ ಬದುಕಿಗಿಂತ ಒಳ್ಳೆಯ ನಿದರ್ಶನ ಸಿಗಲಾರದು.

ಆಡಮ್ಸ್ ಹುಟ್ಟಿದ್ದು 1902ರಲ್ಲಿ, ಸ್ಯಾನ್ ಫ್ರಾನ್ಸಿಸ್ಕೋ ನಗರದಲ್ಲಿ. ಹುಡುಗನಾಗಿದ್ದಾಗ ಅವನನ್ನು ಮೊದಲು ಸೆಳೆದದ್ದು ಸಂಗೀತ. ಪಿಯಾನೋ ವಾದಕನಾಗಬೇಕೆಂದು ಶ್ರದ್ಧೆಯಿಂದ ಸಾಧನೆ ಮಾಡಿದ. 1916ರಲ್ಲಿ ಮನೆಯವರೊಡನೆ ಯೊಸೆಮಿಟಿ ಕಣಿವೆಗೆ ಹೋದಾಗ ತಂದೆತಾಯಿ ಅವನ ಕೈಗೆ ಒಂದು ಪುಟ್ಟ ಕೋಡಕ್ ಪೆಟ್ಟಿಗೆ ಕ್ಯಾಮೆರಾ ಕೊಟ್ಟರು. ಅಂದಿನಿಂದ ಅವನ ಬದುಕು ಇಬ್ಭಾಗವಾಯಿತು. ಚಳಿಗಾಲದಲ್ಲಿ ಪಿಯಾನೋ, ಬೇಸಿಗೆಯಲ್ಲಿ ಬೆಟ್ಟ. ಯಾವುದು ವೃತ್ತಿ, ಯಾವುದು ಹವ್ಯಾಸ ಎಂಬ ಪ್ರಶ್ನೆ ಹತ್ತು ಹದಿನಾಲ್ಕು ವರ್ಷ ಬಗೆಹರಿಯದೆ ಉಳಿಯಿತು.

ಬೆಟ್ಟ ಹತ್ತುವ ಸಂಘದ ಯಾತ್ರೆಗಳಲ್ಲಿ ಅವನಿಗೆ ಸೆಡ್ರಿಕ್ ರೈಟ್ ಎಂಬ ಗೆಳೆಯ ದೊರೆತ. ರೈಟ್ ವಯಸ್ಸಿನಲ್ಲಿ ಹದಿಮೂರು ವರ್ಷ ಹಿರಿಯ; ಪಿಟೀಲು ವಾದಕ. ಅವನೂ ಕ್ಯಾಮೆರಾ ಹಿಡಿದವನು. ಸಂಗೀತ, ಬೆಟ್ಟ, ಚಿತ್ರ ಎಂಬ ಮೂರು ಆಸ್ತಿಗಳನ್ನೂ ಇಬ್ಬರೂ ಹಂಚಿಕೊಂಡರು. ಇವರಲ್ಲಿ ಗುರು ಯಾರು, ಶಿಷ್ಯ ಯಾರು ಎಂದು ಗೆರೆ ಎಳೆಯುವಂತಿರಲಿಲ್ಲ. ಮನಸ್ಸಿನ ಕಳವಳವನ್ನು ಹೇಳಿಕೊಳ್ಳಬಹುದಾದ ಹಿರಿಯನೊಬ್ಬ ಆಡಮ್ಸನಿಗೆ ಸಿಕ್ಕಿದ್ದ.

1927ರ ಏಪ್ರಿಲ್ 10ರ ಬೆಳಿಗ್ಗೆ ಐವರು ಯೊಸೆಮಿಟಿಯ ಹಿಮ ತುಂಬಿದ ಕಡಿದಾದ ಕೊರಕಲೊಂದನ್ನು ಹತ್ತಿದರು. ಆಡಮ್ಸ್, ಅವನು ಮುಂದೆ ಕೈಹಿಡಿದ ವರ್ಜೀನಿಯಾ ಬೆಸ್ಟ್, ರೈಟ್, ಜೊತೆಗೆ ಮತ್ತಿಬ್ಬರು ಗೆಳೆಯರು. ಆಡಮ್ಸನ ಬೆನ್ನಿನ ಮೇಲೆ ದೊಡ್ಡ ಕ್ಯಾಮೆರಾ, ಮುಕ್ಕಾಲಿ, ಹನ್ನೆರಡು ಗಾಜಿನ ಫಲಕಗಳು. ಹಾಫ್ ಡೋಮ್ ಎಂಬ ಬೃಹತ್ ಬಂಡೆಯ ಎದುರು ತಲುಪುವ ಹೊತ್ತಿಗೆ ಉಳಿದಿದ್ದವು ಎರಡೇ ಫಲಕ. ಮೊದಲನೆಯದನ್ನು ಹಳದಿ ಶೋಧಕ ಗಾಜು ಇಟ್ಟು ತೆಗೆದ. ತೆಗೆದ ಮರುಕ್ಷಣವೇ ಅವನಿಗೆ ಅಸಮಾಧಾನ. ಚಿತ್ರ ಸರಿಯಾಗಿಯೇ ಬರುತ್ತಿತ್ತು. ಆದರೆ ಆ ಬಂಡೆಯ ಮುಂದೆ ತನಗೆ ಉಂಟಾದ ಭಯಮಿಶ್ರಿತ ವಿಸ್ಮಯ ಅದರಲ್ಲಿ ಬರುವಂತಿರಲಿಲ್ಲ. ಉಳಿದ ಒಂದೇ ಫಲಕಕ್ಕೆ ಗಾಢ ಕೆಂಪು ಗಾಜನ್ನು ಇಟ್ಟ. ಕೆಂಪು ಗಾಜು ಆಕಾಶದ ನೀಲಿ ಬೆಳಕನ್ನು ತಡೆಯುತ್ತದೆ. ಆದ್ದರಿಂದ ಮುದ್ರಿತ ಚಿತ್ರದಲ್ಲಿ ಬಾನು ಕಗ್ಗತ್ತಲಾಗಿ, ಹಿಮ ಬೆಳ್ಳಗೆ ಹೊಳೆಯುತ್ತದೆ. ಚಿತ್ರ ಹೇಗೆ ಮೂಡಬೇಕೆಂಬುದನ್ನು ತೆಗೆಯುವ ಮೊದಲೇ ಮನಸ್ಸಿನಲ್ಲಿ ಕಾಣುವುದನ್ನು ಆಡಮ್ಸ್ ಮುಂದೆ ಜೀವನವಿಡೀ ಬೋಧಿಸಿದ. ಆ ಬೋಧನೆ ಹುಟ್ಟಿದ್ದು ಅಂದು, ಅಲ್ಲಿ.

ಆ ವರ್ಷವೇ ಅವನ ಹದಿನೆಂಟು ಚಿತ್ರಗಳ ಸಂಪುಟ ಹೊರಬಂತು. ಅದಕ್ಕೆ ಕಾರಣ ಆಲ್ಬರ್ಟ್ ಬೆಂಡರ್ ಎಂಬ ವಿಮಾ ವ್ಯಾಪಾರಿ. ಈತ ಛಾಯಾಗ್ರಾಹಕನಲ್ಲ, ಕಲಾವಿದರ ಪೋಷಕ. ಯುವಕನ ಚಿತ್ರಗಳನ್ನು ಕಂಡವನೇ, ಇವನ್ನು ಪ್ರಕಟಿಸೋಣವೆಂದು ನಿಶ್ಚಯಿಸಿ, ದೂರವಾಣಿಯ ಮುಂದೆ ಕುಳಿತು ಪರಿಚಿತರಿಗೆಲ್ಲ ಪ್ರತಿಗಳನ್ನು ಮಾರಿದ. ಛಾಯಾಚಿತ್ರವೆಂದರೆ ಕಲೆಯೆಂದು ಜನ ಕೊಳ್ಳಲಾರರೆಂಬ ಅಂಜಿಕೆಯಿಂದ ಸಂಪುಟಕ್ಕೆ ಅರ್ಥವೇ ಇಲ್ಲದ ಹೊಸ ಪದವೊಂದನ್ನು ಹುಟ್ಟಿಸಿ ಹೆಸರಿಡಲಾಯಿತು ಎಂಬುದೊಂದು ವಿನೋದ.

ಆದರೂ ಪಿಯಾನೋ ಕೈಬಿಟ್ಟಿರಲಿಲ್ಲ. ಅದನ್ನು ಬಿಡಿಸಿದವನು ಪಾಲ್ ಸ್ಟ್ರ್ಯಾಂಡ್. 1930ರಲ್ಲಿ ನ್ಯೂ ಮೆಕ್ಸಿಕೋದ ಟಾವೊಸ್ ಎಂಬ ಊರಿನಲ್ಲಿ ಇಬ್ಬರೂ ಸಂಧಿಸಿದರು. ಸ್ಟ್ರ್ಯಾಂಡನ ಬಳಿ ತೋರಿಸಲು ಮುದ್ರಿತ ಚಿತ್ರ ಒಂದೂ ಇರಲಿಲ್ಲ, ನೆಗೆಟಿವ್‌ಗಳಷ್ಟೇ ಇದ್ದವು. ಬಿಳಿಯ ಕಾಗದವೊಂದನ್ನು ಹಿಡಿದು, ಕಿಟಕಿಯ ಬೆಳಕಿನಲ್ಲಿ ಅವನ್ನೇ ನೋಡಿದರು. ನಮ್ಮ ಊರುಗಳ ಹಳೆಯ ಸ್ಟುಡಿಯೋಗಳನ್ನು ಬಲ್ಲವರಿಗೆ ಗೊತ್ತು: ನೆಗೆಟಿವ್‌ನಲ್ಲಿ ಕಪ್ಪು ಬಿಳುಪಾಗಿ, ಬಿಳುಪು ಕಪ್ಪಾಗಿ ಇರುತ್ತದೆ, ಸಾಮಾನ್ಯ ಕಣ್ಣಿಗೆ ಅದು ಪ್ರೇತದಂತೆ ಕಾಣುತ್ತದೆ. ಆಡಮ್ಸನಿಗೆ ಮಾತ್ರ ಅದರಲ್ಲಿ ಚಿತ್ರವೇ ಕಂಡಿತು. ಸ್ವರಲಿಪಿಯನ್ನು ಓದುತ್ತಲೇ ಸಂಗೀತವನ್ನು ಕೇಳಬಲ್ಲ ವಾದಕನಲ್ಲವೆ ಅವನು? ನೆಗೆಟಿವ್ ಎಂದರೆ ಸ್ವರಲಿಪಿ, ಮುದ್ರಿತ ಚಿತ್ರವೆಂದರೆ ಕಛೇರಿ ಎಂಬ ಹೋಲಿಕೆಯನ್ನು ಮುಂದೆ ಅವನೇ ಮತ್ತೆ ಮತ್ತೆ ಬಳಸಿದ. ಅಂದು ಸ್ಟ್ರ್ಯಾಂಡ್ ಉಪದೇಶವನ್ನೇನೂ ಮಾಡಲಿಲ್ಲ. ತನ್ನ ಕೆಲಸವನ್ನು ತೋರಿಸಿದ, ಅಷ್ಟೇ. ಆಡಮ್ಸನ ಹತ್ತಾರು ವರ್ಷಗಳ ತೊಳಲಾಟ ಅಲ್ಲಿಗೆ ಮುಗಿಯಿತು. ತಾಯಿ ಮತ್ತು ಆಕೆಯ ಸೋದರಿ ಪಿಯಾನೋ ಬಿಡಬೇಡವೆಂದು ಬೇಡಿಕೊಂಡರೂ ಅವನು ಛಾಯಾಗ್ರಾಹಕನಾಗಿಯೇ ನಿಂತ.

ಇಲ್ಲಿ ಒಂದು ಪರಂಪರೆಯನ್ನು ಗಮನಿಸಬೇಕು. ಸ್ಟ್ರ್ಯಾಂಡ್ ಶಾಲಾ ಬಾಲಕನಾಗಿದ್ದಾಗ ಅವನಿಗೆ ಕ್ಯಾಮೆರಾ ಕಲಿಸಿದವನು ಲೂಯಿಸ್ ಹೈನ್. ಬಾಲಕಾರ್ಮಿಕರ ದುಃಸ್ಥಿತಿಯನ್ನು ಚಿತ್ರಿಸಿ ಹೆಸರಾದವನು. ಆ ಮೇಷ್ಟ್ರು ಹುಡುಗರನ್ನು ನ್ಯೂಯಾರ್ಕಿನ ಆಲ್ಫ್ರೆಡ್ ಸ್ಟೀಗ್ಲಿಟ್ಸ್‌ನ ಚಿತ್ರಶಾಲೆಗೆ ಕರೆದುಕೊಂಡು ಹೋದ. ಸ್ಟೀಗ್ಲಿಟ್ಸ್ 1917ರಲ್ಲಿ ತನ್ನ ಪತ್ರಿಕೆಯ ಕೊನೆಯ ಸಂಚಿಕೆಯನ್ನು ಸ್ಟ್ರ್ಯಾಂಡನ ಚಿತ್ರಗಳಿಗೇ ಮೀಸಲಿಟ್ಟ. ಹೀಗೆ ದೀಪದಿಂದ ದೀಪ ಹೊತ್ತಿಕೊಂಡು ಬಂದಿತ್ತು.

ಆದರೆ ಸ್ನೇಹವೆಂದರೆ ಬರಿಯ ಮೆಚ್ಚುಗೆಯಲ್ಲ. ಎಡ್ವರ್ಡ್ ವೆಸ್ಟನ್ ಆಡಮ್ಸನಿಗಿಂತ ಹದಿನಾರು ವರ್ಷ ಹಿರಿಯ; ಆಗಲೇ ಹೆಸರು ಮಾಡಿದ್ದವನು. 1931ರಲ್ಲಿ ಅವನ ಪ್ರದರ್ಶನವನ್ನು ವಿಮರ್ಶಿಸುವ ಕೆಲಸ ತರುಣ ಆಡಮ್ಸನ ಪಾಲಿಗೆ ಬಂತು. ಬಂಡೆಗಳ ಚಿತ್ರಗಳನ್ನು ಮೆಚ್ಚಿದ. ತರಕಾರಿಗಳ ಚಿತ್ರಗಳ ವಿಷಯದಲ್ಲಿ ತನ್ನ ಆಕ್ಷೇಪವನ್ನು ಮುಚ್ಚಿಡದೆ ಬರೆದ. ಇಂಥ ಮಾತಿಗೆ ಹಿರಿಯರು ಮುನಿಯುವುದು ಲೋಕರೂಢಿ. ವೆಸ್ಟನ್ ಮುನಿಯಲಿಲ್ಲ. ಕಾಗದ ಬರೆದು, ವಿಮರ್ಶೆಗೆ ಕೃತಜ್ಞತೆ ಹೇಳಿ, ತನ್ನ ನಿಲುವನ್ನು ಸಾವಧಾನವಾಗಿ ವಿವರಿಸಿದ. ಮರುವರ್ಷ, 1932ರಲ್ಲಿ, ಇವರಿಬ್ಬರೂ ಇಮೋಜೆನ್ ಕನ್ನಿಂಗ್‌ಹ್ಯಾಮ್, ವಿಲ್ಲರ್ಡ್ ವ್ಯಾನ್ ಡೈಕ್ ಮೊದಲಾದವರೂ ಒಂದು ಬಳಗ ಕಟ್ಟಿದರು. ಅತ್ಯಂತ ಕಿರಿದಾದ ಮಸೂರ ರಂಧ್ರದ ಸಂಖ್ಯೆಯಾದ ‘ಎಫ್ 64’ ಎಂಬುದೇ ಅದರ ಹೆಸರು. ಚಿತ್ರವನ್ನು ವರ್ಣಚಿತ್ರದಂತೆ ಮಸುಕುಗೊಳಿಸದೆ, ಹತ್ತಿರದ ಹುಲ್ಲು ದೂರದ ಶಿಖರ ಎರಡನ್ನೂ ಸ್ಪಷ್ಟವಾಗಿ ತೋರಿಸಬೇಕೆಂಬುದು ಅವರ ಛಲ. ಬಳಗ ಬಹುಕಾಲ ಬಾಳಲಿಲ್ಲ. ವೆಸ್ಟನ್, ಆಡಮ್ಸ್‌ರ ಸ್ನೇಹ ಬಾಳಿತು.

1933ರಲ್ಲಿ ಆಡಮ್ಸ್ ತನ್ನ ಚಿತ್ರಗಳ ಕಟ್ಟನ್ನು ಹೊತ್ತು ನ್ಯೂಯಾರ್ಕಿಗೆ ಹೋಗಿ ಸ್ಟೀಗ್ಲಿಟ್ಸ್‌ನನ್ನು ಕಂಡ. ಮುದುಕನ ಸ್ವಾಗತ ಬಲು ಒರಟು. ಇದ್ದದ್ದು ಒಂದೇ ಕುರ್ಚಿ. ಅದರಲ್ಲಿ ಅವನೇ ಕುಳಿತಿದ್ದ. ಬಂದವನು ಕೋಣೆ ಬೆಚ್ಚಗಿಡುವ ಬಿಸಿ ಕೊಳವೆಗಳ ಮೇಲೆ ಕೂರಬೇಕಾಯಿತು. ಸ್ಟೀಗ್ಲಿಟ್ಸ್ ಒಂದೊಂದೇ ಚಿತ್ರವನ್ನು ಮಾತಿಲ್ಲದೆ ನೋಡಿ, ಕಟ್ಟು ಕಟ್ಟಿ, ಮತ್ತೆ ಬಿಚ್ಚಿ, ಮೊದಲಿನಿಂದ ನೋಡಿದ. ಬಳಿಕ ಮೆಚ್ಚಿದ. 1936ರಲ್ಲಿ ತನ್ನ ಚಿತ್ರಶಾಲೆಯಲ್ಲಿ ಅವನ ಪ್ರದರ್ಶನವನ್ನೇ ಏರ್ಪಡಿಸಿದ. ಎರಡು ಸಲ ಪೂರ್ತಿ ಮನಸ್ಸಿಟ್ಟು ನೋಡುವುದಕ್ಕಿಂತ ದೊಡ್ಡ ಗೌರವವನ್ನು ಹಿರಿಯನೊಬ್ಬ ಕಿರಿಯನಿಗೆ ತೋರಿಸಲಾರ.

1937ರ ಬೇಸಿಗೆಯಲ್ಲಿ ವೆಸ್ಟನ್ ಮತ್ತು ಅವನ ಸಂಗಾತಿ ಕ್ಯಾರಿಸ್ ವಿಲ್ಸನ್ ಯೊಸೆಮಿಟಿಗೆ ಬಂದರು. ಆಡಮ್ಸ್ ತನಗೆ ಪ್ರಿಯವಾದ ಎತ್ತರದ ಕಣಿವೆಗಳಿಗೆ ಅವರನ್ನು ಕರೆದೊಯ್ದ. ಹಿಂದಿರುಗಿದ ರಾತ್ರಿ ಆಡಮ್ಸನ ಕತ್ತಲ ಕೋಣೆಗೆ ಬೆಂಕಿ ಬಿತ್ತು. ವರ್ಷಗಳ ದುಡಿಮೆಯಾದ ಸಾವಿರಾರು ನೆಗೆಟಿವ್‌ಗಳು ಸುಟ್ಟುಹೋದವು. ಉಳಿದವನ್ನು ಕಾಪಾಡಲು ಅತಿಥಿಗಳೂ ಕೈಜೋಡಿಸಿದರು. ಒಬ್ಬರ ಕೆಲಸವನ್ನು ಇನ್ನೊಬ್ಬರು ತಮ್ಮದೆಂಬಂತೆ ಬೆಂಕಿಯಿಂದ ಹೊರತರುವುದು. ಗೆಳೆತನಕ್ಕೆ ಇದಕ್ಕಿಂತ ಬೇರೆ ವ್ಯಾಖ್ಯೆ ಬೇಕೆ?

ಕಾಲಕ್ರಮದಲ್ಲಿ ಆಡಮ್ಸ್ ತಾನೇ ಗುರುವಾದ. ಫ್ರೆಡ್ ಆರ್ಚರ್ ಎಂಬ ಸಹೋದ್ಯೋಗಿಯೊಡನೆ, ಬೆಳಕಿನ ತರತಮಗಳನ್ನು ಮೆಟ್ಟಿಲುಗಳಾಗಿ ವಿಂಗಡಿಸಿ ಅಳೆಯುವ ಕ್ರಮವೊಂದನ್ನು ರೂಪಿಸಿದ. 1946ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ಕಲಾಶಾಲೆಯಲ್ಲಿ ಛಾಯಾಗ್ರಹಣ ವಿಭಾಗವನ್ನು ಕಟ್ಟಿದ. 1955ರಿಂದ ಯೊಸೆಮಿಟಿಯಲ್ಲಿ ವರ್ಷವರ್ಷವೂ ಶಿಬಿರ ನಡೆಸಿದ. ಇಲ್ಲಿಯೇ ಗುರುತನದ ನಿಜವಾದ ಕಷ್ಟ ಎದುರಾಗುವುದು. ಅಳತೆಯನ್ನು ಕಲಿಸಬಹುದು, ಕಣ್ಣನ್ನು ಕಲಿಸಲಾಗದು. ಅವನು ನಿಂತ ಜಾಗದಲ್ಲೇ ಮುಕ್ಕಾಲಿ ಊರಿ, ಅವನ ಚಿತ್ರವನ್ನೇ ಮತ್ತೆ ತೆಗೆದು ತೃಪ್ತರಾದವರು ಅಸಂಖ್ಯ. ಅದು ಶಿಷ್ಯತ್ವವಲ್ಲ, ನೆರಳಿನಲ್ಲಿ ನಿಲ್ಲುವುದು. ಆದರೆ ಅದೇ ಕಲಾಶಾಲೆಗೆ ಬಂದ ಮೈನರ್ ವೈಟ್, ಆಡಮ್ಸನ ಅಳತೆಯ ಕ್ರಮವನ್ನು ಪೂರ್ತಿ ವಶಮಾಡಿಕೊಂಡು, ಅದನ್ನು ಬೇರೊಂದು ದಾರಿಗೆ ತಿರುಗಿಸಿದ. ಅವನ ಚಿತ್ರಗಳಲ್ಲಿ ಬಂಡೆ ಬಂಡೆಯಾಗಿ ಉಳಿಯದೆ ಅಂತರಂಗದ ಕನ್ನಡಿಯಾಯಿತು. ಗುರುವಿನಂತಾಗದೆ ಇದ್ದುದರಿಂದಲೇ ಅವನು ಗುರುವಿನ ಋಣ ತೀರಿಸಿದ.

ಕೊನೆಗೆ ಮತ್ತೆ ಸೆಡ್ರಿಕ್ ರೈಟ್. ಕೀರ್ತಿ ಅವನನ್ನು ಅಷ್ಟಾಗಿ ಹುಡುಕಿಕೊಂಡು ಬರಲಿಲ್ಲ. 1959ರಲ್ಲಿ ತೀರಿಕೊಂಡ. ಮರುವರ್ಷ ಅವನ ಚಿತ್ರಗಳೂ ಬರಹಗಳೂ ಸೇರಿದ ಪುಸ್ತಕವೊಂದು ಪ್ರಕಟವಾಯಿತು. ಮುನ್ನುಡಿ ಬರೆದವನು ಆಡಮ್ಸ್. ಕ್ಯಾಲಿಫೋರ್ನಿಯಾದ ಆ ಪರ್ವತಶ್ರೇಣಿಯಲ್ಲಿ ಇಂದು ರೈಟ್‌ನ ಹೆಸರಿನ ಶಿಖರವೊಂದಿದೆ. ಆಡಮ್ಸ್ 1984ರಲ್ಲಿ ತೀರಿಕೊಂಡ ಮೇಲೆ ಅವನ ಹೆಸರನ್ನೂ ಅಲ್ಲಿಯ ಇನ್ನೊಂದು ಶಿಖರಕ್ಕೆ ಇಟ್ಟರು. ಹಾಫ್ ಡೋಮಿನ ಆ ಕಪ್ಪು ಬಾನಿನ ಚಿತ್ರ ಎಲ್ಲಾದರೂ ನಿಮ್ಮ ಕಣ್ಣಿಗೆ ಬಿದ್ದರೆ, ಚೌಕಟ್ಟಿನ ಹೊರಗೆ ಹಿಮದಲ್ಲಿ ಕಾದು ನಿಂತಿದ್ದ ನಾಲ್ವರನ್ನೂ ಒಮ್ಮೆ ನೆನೆಯಿರಿ. ಆ ಚಿತ್ರದಲ್ಲಿ ಮನುಷ್ಯರಿಲ್ಲ ಎಂದು ಆಮೇಲೆ ನಿಮಗೆ ಅನಿಸಲಾರದು.